ಗಂಟಿಗೆ ಕುಂಬಳಕಾಯಿ ಮದ್ದು

ಸೆಪ್ಟೆಂಬರ್ ೧೧

ಈ ಲಕೋಟೆ ಒಡೆದವರು ಯಾರೇ ಆಗಿರಲಿ, ಮೊದಲು ಸ್ವಲ್ಪ ನಾಚಿಕೆ ಪಡಿ. ಮೇಲೆ ದಪ್ಪ ಅಕ್ಷರದಲ್ಲಿ "ಹಾಳೆ ಬರೆಯುವ ಹುಡುಗಿಗೆ ಮಾತ್ರ" ಎಂದು ಬರೆದಿದ್ದೇನೆ. ಕಾಣಿಸದಿದ್ದರೆ ಕನ್ನಡಕ ಮಾಡಿಸಿಕೊಳ್ಳಿ. ಕಂಡೂ ಒಡೆದಿದ್ದರೆ ನಿಮ್ಮನ್ನು ಬೆಳೆಸಿದವರು ಯಾರು ಎಂದು ಕೇಳಬೇಕಾಗುತ್ತದೆ. ನಾನು ನಿಮ್ಮ ಗಿರಾಕಿಯಲ್ಲ. ತೂಕ ಇಳಿಸಿಕೊಡಿ ಎಂದು ಬೇಡಲು ಬಂದವಳಲ್ಲ, ಇಳಿಯಲು ನನ್ನ ಮೈಮೇಲೆ ಏನೂ ಉಳಿದಿಲ್ಲ. ಇದನ್ನು ಇದ್ದ ಹಾಗೇ ಮಡಿಸಿ ಅವಳ ಮೇಜಿನ ಮೇಲಿಟ್ಟು, ನಿಮ್ಮ ಕೆಲಸ ನೀವು ನೋಡಿಕೊಳ್ಳಿ.

ಈಗ ನೀನು, ಮೆಣಸಿ.

ಅಜ್ಜಿ ಬದುಕಿದ್ದಾಳೆ. ನೀನು ಕೇಳಲಿಲ್ಲ, ಆದರೂ ಹೇಳುತ್ತಿದ್ದೇನೆ. ನಮ್ಮ ಹಳ್ಳಿ ಶಾಲೆಯಲ್ಲಿ ನಾನು ಕಲಿತದ್ದು ಎರಡಕ್ಷರ, ಕೊಂಬು ದೀರ್ಘ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ನಿನ್ನ ಅಮ್ಮನ ಬಲಗಡೆಯ ಎದೆಯಲ್ಲಿ ಗಂಟಾಗಿದೆ. ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ. ಮೊದಲು ಬಟಾಣಿಯಷ್ಟಿತ್ತಂತೆ, ಸ್ನಾನ ಮಾಡುವಾಗ ಕೈಗೆ ಸಿಕ್ಕಿತಂತೆ. ನನಗೆ ಬಾಯಿಬಿಡುವ ಹೊತ್ತಿಗೆ ದಪ್ಪ ದ್ರಾಕ್ಷಿಯಷ್ಟಾಗಿತ್ತು. ಎಳೆದುಕೊಂಡು ಆಸ್ಪತ್ರೆಗೆ ಹೋದೆ. ಸೂಜಿ ಹಾಕಿ ಚೂರು ತೆಗೆದು ನೋಡಿದರು. ಕೆಟ್ಟ ಗಂಟು. ಆಪರೇಷನ್ ಮಾಡುವ ಡಾಕ್ಟರಮ್ಮ ಒಳ್ಳೆಯವಳು, ಬೆಣ್ಣೆ ಹಚ್ಚುವುದಿಲ್ಲ. "ಇದು ಕಾಯೋ ಕಾಯಿಲೆ ಅಲ್ಲಮ್ಮ. ಈಗ ಬಂದ್ರೆ ಗಂಟು ತೆಗೆದು ಕಳಿಸ್ತೀನಿ. ತಡ ಮಾಡಿದ್ರೆ ಕಂಕುಳಿಗೆ ಇಳಿಯುತ್ತೆ" ಎಂದಳು.

ನಿನ್ನ ಅಮ್ಮ ಹೂಂ ಎಂದು ತಲೆಯಾಡಿಸಿ ಮನೆಗೆ ಬಂದಳು. ಬಂದವಳೇ ಹಾಸಿಗೆಯ ಕೆಳಗಿಂದ ಒಂದು ಹಾಳೆ ತೆಗೆದಳು. ಮೇಲೆ ಸಿಹಿಗುಂಬಳದ ಚಿತ್ರ, ಕೆಳಗೆ ನಿನ್ನ ಹೆಸರು. 'ಶರತ್ಕಾಲದ ಕ್ಷಾರಾಹಾರ: ಋತುವಿಗೆ ತಕ್ಕ ಆಯ್ಕೆ.' ಚಂದಾ ಕಟ್ಟಿ ತಿಂಗಳು ತಿಂಗಳೂ ಅಂಚೆಯಲ್ಲಿ ತರಿಸಿಕೊಳ್ಳುತ್ತಿದ್ದಾಳೆ, ನನಗೆ ಗೊತ್ತೇ ಇರಲಿಲ್ಲ. ಬೆರಳಿಟ್ಟು ಓದಿ ತೋರಿಸಿದಳು: "ದೇಹದ ಹುಳಿಯೇ ರೋಗಕ್ಕೆ ಗೊಬ್ಬರ. ಕ್ಷಾರ ತುಂಬಿದ ದೇಹದಲ್ಲಿ ಕೆಟ್ಟ ಗಂಟು ಬೆಳೆಯಲಾರದು."

"ಯಾರು ಹೇಳಿದ್ದು?" ಎಂದೆ.

"ನನ್ನ ಮಗಳು ಹೇಳಿದ್ದು. ಅದನ್ನೇ ಓದಿಕೊಂಡಿದ್ದಾಳೆ ಅವಳು. ಈ ಋತು ಒಂದು ಕಳೀಲಿ, ಆಮೇಲೆ ಕತ್ತರಿ ವಿಚಾರ ನೋಡೋಣ."

ನಿನ್ನಪ್ಪ ನಮ್ಮನ್ನು ಬಿಟ್ಟು ಇನ್ನೊಬ್ಬಳನ್ನು ಕಟ್ಟಿಕೊಂಡ. ನೀನು ಎರಡು ವರ್ಷದ ಹಿಂದೆ ಅದೇ ಮನೆಗೆ ಹೋಗಿ, ಆ ಇನ್ನೊಬ್ಬಳ ಕ್ಷಾರದ ಅಂಗಡಿಯಲ್ಲೇ ಕೆಲಸಕ್ಕೆ ಕೂತೆ. ಅದರ ನ್ಯಾಯ ಈಗ ಬೇಡ. ಒಂದೇ ಒಂದು ಸಾಲು ಬರೆ: "ಅಮ್ಮ, ಹೋಗಿ ಆಪರೇಷನ್ ಮಾಡಿಸಿಕೋ." ಕ್ಷಮೆ ಕೇಳು ಎನ್ನುತ್ತಿಲ್ಲ, ಮನೆಗೆ ಬಾ ಎಂದೂ ಕರೆಯುತ್ತಿಲ್ಲ. ನಿನ್ನ ಹೆಸರಿನಲ್ಲಿ ನಾನೇ ಗೀಚಿಬಿಡುತ್ತಿದ್ದೆ, ಆದರೆ ನನ್ನ ಅಕ್ಷರ ಕೋಳಿ ಕೆದರಿದ ಹಾಗೆ, ಸಿಕ್ಕಿಬೀಳುತ್ತೇನೆ.

ನಿನ್ನ ಅಜ್ಜಿ

*

ಸೆಪ್ಟೆಂಬರ್ ೨೮

ಅಜ್ಜಿಗೆ,

ನಿಮ್ಮ ಪತ್ರ ತಲುಪಿತು. ಒಡೆದದ್ದು ಅಂಗಡಿಯೊಡತಿ ಚಿಕ್ಕಮ್ಮನೇ. ನಾಚಿಕೆ ಪಡಿ ಎಂಬಲ್ಲಿಂದ ಹಿಡಿದು ಕೊನೆಯವರೆಗೆ ಓದಿ, ನನ್ನ ಮೇಜಿನ ಮೇಲೆ ಇಟ್ಟು ಹೋದರು.

ಅಮ್ಮನ ವಿಷಯ ತಿಳಿದು ಬೇಸರವಾಯಿತು. ಡಾಕ್ಟರ ಮಾತು ಕೇಳುವುದೇ ಸರಿ. ನಮ್ಮ ಹಾಳೆಯ ಕೊನೆಯಲ್ಲೂ ಅದನ್ನೇ ಬರೆದಿದೆ: "ಕಾಯಿಲೆ ಇರುವವರು ವೈದ್ಯರ ಸಲಹೆ ಪಡೆಯತಕ್ಕದ್ದು." ಅಕ್ಷರ ಸಣ್ಣದು, ಆದರೆ ಇದೆ. ಹಾಳೆ ಸಾವಿರಾರು ಜನಕ್ಕೆ ಹೋಗುತ್ತದೆ. ಯಾರು ಅದನ್ನು ಹೇಗೆ ಓದಿಕೊಳ್ಳುತ್ತಾರೆ ಎಂಬುದು ನನ್ನ ಕೈಯಲ್ಲಿಲ್ಲ.

ಅಮ್ಮನಿಗೆ ನಾನು ಬರೆಯುವುದು ಆಗದ ಮಾತು. ನಾನು ಹೊರಟ ದಿನ ಅವಳು ಹೇಳಿದ್ದು ನೆನಪಿದೆಯಲ್ಲ, "ಇನ್ನು ನನಗೆ ಮಗಳಿಲ್ಲ" ಅಂತ. ಮಗಳೇ ಇಲ್ಲದವಳಿಗೆ ಮಗಳ ಪತ್ರ ಹೇಗೆ ಬರುತ್ತದೆ? ನನ್ನ ಚೀಲವನ್ನು ಮೆಟ್ಟಿಲಿನಿಂದ ಕೆಳಗೆ ಎಸೆದದ್ದು ಮಾತ್ರ ಅವಳಲ್ಲ, ನೀವು.

ಆರೋಗ್ಯ ನೋಡಿಕೊಳ್ಳಿ.

ಇಂತಿ,
ಮೊಮ್ಮಗಳು

*

ಅಕ್ಟೋಬರ್ ೯

ಆಹಾ, ಇಂತಿ! ನನ್ನ ಸೆರಗು ಹಿಡಿದುಕೊಂಡು ಕಕ್ಕಸಿಗೆ ಹೋಗುತ್ತಿದ್ದವಳು ಈಗ ನನಗೆ 'ನೀವು' ಎನ್ನುತ್ತಾಳೆ, 'ಇಂತಿ' ಹಾಕುತ್ತಾಳೆ. ವೈದ್ಯರ ಸಲಹೆ ಪಡೆಯತಕ್ಕದ್ದಂತೆ. ಆ ಸಾಲು ಹುಡುಕಲು ಪಕ್ಕದ ಮನೆಯ ಗಡಿಯಾರ ರಿಪೇರಿಯವನ ಭೂತಗನ್ನಡಿ ತರಬೇಕಾಯಿತು. ಸುಳ್ಳನ್ನು ತೆಂಗಿನಕಾಯಿಯಷ್ಟು ದಪ್ಪ ಬರೆದು ನಿಜವನ್ನು ಸಾಸಿವೆಯಷ್ಟು ಮಾಡುವುದನ್ನು ಯಾರು ಕಲಿಸಿದರೇ ನಿನಗೆ?

ಚೀಲ ಎಸೆದೆ, ಹೌದು. ಇನ್ನೊಂದು ಸಲ ಹಾಗೆ ಹೊರಟರೆ ಇನ್ನೊಂದು ಸಲ ಎಸೆಯುತ್ತೇನೆ. ಅದಕ್ಕೂ ಗಂಟಿಗೂ ಏನು ಸಂಬಂಧ?

ಇಲ್ಲಿ ಏನು ನಡೆಯುತ್ತಿದೆ ಕೇಳು. ಹಾಲು ನಿಂತಿತು, ಬ್ರೆಡ್ಡು ನಿಂತಿತು, ಮೊಟ್ಟೆ ನಿಂತಿತು. ಚಹಾದ ಡಬ್ಬಿಯನ್ನು ನನ್ನ ಮಂಚದ ಕೆಳಗೆ ಬಚ್ಚಿಟ್ಟುಕೊಂಡಿದ್ದೇನೆ, ಈ ವಯಸ್ಸಿನಲ್ಲಿ ಕಳ್ಳಿಯಾದೆ. ಬೆಳಗ್ಗೆ ಎದ್ದರೆ ಬಿಸಿನೀರಿಗೆ ನಿಂಬೆಹಣ್ಣು. "ಹುಳಿ ಬೇಡ ಅಂತೀಯ, ನಿಂಬೆಹಣ್ಣು ಕುಡೀತೀಯ?" ಎಂದರೆ, "ಅದು ಬಾಯಲ್ಲಿ ಮಾತ್ರ ಹುಳಿ, ಹೊಟ್ಟೆಗೆ ಹೋದ್ರೆ ಕ್ಷಾರ" ಎನ್ನುತ್ತಾಳೆ. ಹಾಗಾದರೆ ನನ್ನ ಬಾಯಿಯೂ ಅಷ್ಟೇ ಎಂದೆ. ನಗಲಿಲ್ಲ.

ನಿಮ್ಮ ಅಂಗಡಿಯಿಂದ ಬಣ್ಣದ ಕಾಗದದ ಚೂರುಗಳು ಬಂದಿವೆ. ದಿನಾ ಬೆಳಗ್ಗೆ ಉಚ್ಚೆಯಲ್ಲಿ ಅದ್ದಿ, ಕಿಟಕಿಯ ಬೆಳಕಿಗೆ ಹಿಡಿದು ನಿಲ್ಲುತ್ತಾಳೆ. ಹಳದಿ ಬಂದರೆ ಆ ದಿನವೆಲ್ಲ ಮುಖ ಗಡಿಗೆ. ಹಸಿರು ಬಂದರೆ ಪರೀಕ್ಷೆ ಪಾಸಾದವಳಂತೆ ಓಡಿಬಂದು ನನಗೆ ತೋರಿಸುತ್ತಾಳೆ. ಮೊನ್ನೆ ಅಚ್ಚ ಹಸಿರು ಬಂತು. ಆ ಖುಷಿಯಲ್ಲೇ ನಾನು ಕೈಹಾಕಿ ಗಂಟು ಮುಟ್ಟಿ ನೋಡಿದೆ. ಅದಕ್ಕೆ ಬಣ್ಣದ ಸುದ್ದಿ ಇನ್ನೂ ತಲುಪಿಲ್ಲ. ಹಾಗೇ ಕೂತಿದೆ, ಕಲ್ಲಿನ ಹಾಗೆ.

ಭಾನುವಾರ ಸಂತೆಗೆ ಅವಳ ಜೊತೆ ಹೋದೆ. ಕೈಯಲ್ಲಿ ನಿನ್ನ ಹಾಳೆ. ರಸ್ತೆಯ ಮರಗಳು ಎಲೆ ಉದುರಿಸತೊಡಗಿವೆ, ಕಾಲಡಿಯಲ್ಲಿ ಹಪ್ಪಳ ಮುರಿದ ಸದ್ದು. ಇವಳು ಒಂದೊಂದೇ ತರಕಾರಿ ಎತ್ತಿ ಹಾಳೆ ನೋಡುತ್ತಾಳೆ, ಗೆಣಸು ಹೂಂ, ಬೀಟ್‌ರೂಟು ಹೂಂ, ಪೇರ್ ಹಣ್ಣು ಹೂಂ, ಜೋಳ ಊಹೂಂ. ತರಕಾರಿಯವಳಿಗೆ ತಲೆಕೆಟ್ಟಿತು.

"ಅಕ್ಕಾ, ನೀವು ಸಾಮಾನು ತಗೊಳ್ತಿದ್ದೀರೋ, ಹೆಣ್ಣು ನೋಡೋಕೆ ಬಂದಿದ್ದೀರೋ?"

"ಕ್ಷಾರ ಜಾಸ್ತಿ ಇರೋದು ಯಾವುದು, ಹಸಿರು ಕೋಸೋ ಕೆಂಪು ಕೋಸೋ?"

"ನನಗೆ ಗೊತ್ತಿರೋದು ಬಾಡಿದ್ದು, ಬಾಡದ್ದು ಅಷ್ಟೇ."

ಆಮೇಲೆ ಸಿಹಿಗುಂಬಳದ ರಾಶಿಯ ಮುಂದೆ ಕೂತಳು. ಒಂದೊಂದನ್ನೂ ಬೆರಳ ಗಿಣ್ಣಿನಿಂದ ತಟ್ಟಿ, ಕಿವಿಯಿಟ್ಟು ಕೇಳಿ, ತೊಟ್ಟು ಒಣಗಿದೆಯೇ ನೋಡಿ, ಉಗುರು ಒತ್ತಿ ನೋಡಿದಳು. ಹಾಗೆ ಕೂತವಳು ಹಾಳೆಯನ್ನು ನನ್ನ ಮುಖಕ್ಕೆ ಹಿಡಿದು ಹೇಳಿದಳು. "ನೋಡಮ್ಮ. 'ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಸಿಪ್ಪೆ ತೆಗೆಯದೆ ದೊಡ್ಡ ಹೋಳು ಮಾಡಿ, ಮುಚ್ಚಳದ ಮೇಲೆ ನೀರಿಟ್ಟು ಬೇಯಿಸಿ.' ಮುಚ್ಚಳದ ಮೇಲೆ ನೀರಿಡೋದು ಯಾರು? ನಾನೊಬ್ಬಳೇ. ಅವಳು ಇದನ್ನ ಊರಿಗೆಲ್ಲ ಬರೆದಿಲ್ಲ. ನನಗೇ ಬರೆದಿದ್ದಾಳೆ. ಬಾಯಿಬಿಟ್ಟು ಅಮ್ಮ ಅನ್ನೋಕೆ ಆಗದೆ ಹೀಗೆ ಬರೀತಿದ್ದಾಳೆ."

ಈಗ ತಿಳಿಯಿತಾ? ಅವಳು ಕ್ಷಾರ ನಂಬಿ ಕೂತಿಲ್ಲ. ನಿನ್ನನ್ನು ನಂಬಿ ಕೂತಿದ್ದಾಳೆ. ಆ ಹಾಳೆ ಅವಳಿಗೆ ತಿಂಗಳಿಗೊಮ್ಮೆ ಬರುವ ನಿನ್ನ ಪತ್ರ. ಬಿಟ್ಟು ಆಸ್ಪತ್ರೆಗೆ ನಡಿ ಎಂದರೆ, ನಿನ್ನನ್ನೇ ಬಿಡು ಎಂದ ಹಾಗೆ ನೋಡುತ್ತಾಳೆ ನನ್ನನ್ನು.

ಇನ್ನೊಂದು ಭಯವೂ ಇದೆ ಅವಳಿಗೆ. ಲಾಂಡ್ರಿಯಲ್ಲಿ ಅವಳು ನಿಲ್ಲುವುದು ದೊಡ್ಡ ಇಸ್ತ್ರಿ ಯಂತ್ರದ ಮುಂದೆ. ಹೋಟೆಲುಗಳ ಹಾಸಿಗೆ ಬಟ್ಟೆ ಹಾಸಿ, ಬಲಗೈಯಿಂದ ಹಿಡಿಕೆ ಎಳೆದು ಒತ್ತಬೇಕು, ಬುಸ್ಸೆಂದು ಹಬೆ ಬರುತ್ತದೆ, ಮತ್ತೆ ಎತ್ತಬೇಕು. ಕಂಕುಳು ಕೊಯ್ದವರಿಗೆ ಕೈ ಊದುತ್ತದೆ, ಭಾರ ಎಳೆಯಬಾರದು ಎಂದು ಯಾರೋ ಹೇಳಿದ್ದಾರೆ. "ಕೈ ಹೋದ್ರೆ ನಿನಗೂ ನನಗೂ ಯಾರಮ್ಮ ಅನ್ನ ಹಾಕ್ತಾರೆ?" ಎಂದು ಕೇಳಿದಳು. ಕೈ ಉಳಿಸಲು ಹೋಗಿ ಕೈಯ ಒಡತಿಯೇ ಹೋದರೆ ಎಂದು ಬಾಯಿಗೆ ಬಂತು. ನುಂಗಿದೆ. ನಾನು ಮಾತು ನುಂಗಿದ್ದು ನೀನು ಎಂದಾದರೂ ಕಂಡಿದ್ದೀಯಾ?

ಒಂದು ಸಾಲು ಬರೆಯೇ. ಕೈ ಸವೆಯುವುದಿಲ್ಲ.

ಅಜ್ಜಿ

*

ಅಕ್ಟೋಬರ್ ೩೦

ಮೆಣಸಿ,

ಉತ್ತರವಿಲ್ಲ. ಅಂಚೆಯವನು ನನ್ನನ್ನು ಕಂಡರೆ ರಸ್ತೆಯ ಆಚೆ ಬದಿ ಹಿಡಿಯುತ್ತಾನೆ, ಅಷ್ಟು ಬೈಸಿಕೊಂಡಿದ್ದಾನೆ ಪಾಪ, ನಿನ್ನ ಪಾಲಿನದು.

ಡಾಕ್ಟರಮ್ಮನೇ ಹೇಳಿ ಕಳಿಸಿದ್ದಳು. ಹೋದೆವು. ನಿನ್ನ ಅಮ್ಮ ಕಾಗದದ ಚೂರುಗಳನ್ನೆಲ್ಲ ಒಂದು ಪೊಟ್ಟಣದಲ್ಲಿ ಕಟ್ಟಿಕೊಂಡು ಹೋಗಿ ಅವಳ ಮೇಜಿನ ಮೇಲೆ ಹರಡಿದಳು. ಎಲ್ಲ ಹಸಿರು. ಡಾಕ್ಟರಮ್ಮ ಬಯ್ಯುತ್ತಾಳೆ ಎಂದುಕೊಂಡಿದ್ದೆ, ಬಯ್ಯಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕ ಕೂತಳು.

"ತರಕಾರಿ ತಿನ್ನೋದು ಒಳ್ಳೇದೇ, ತಿನ್ನಿ. ಆದ್ರೆ ಊಟದಿಂದ ಹುಳಿ ಬದಲಾಗೋದು ಮೂತ್ರದ್ದು. ರಕ್ತದ್ದಲ್ಲ. ರಕ್ತದ ಹುಳಿ ಕ್ಷಾರ ಎಷ್ಟಿರಬೇಕೋ ಅಷ್ಟೇ ಇರೋ ಹಾಗೆ ಮೈಯೇ ನೋಡ್ಕೊಳ್ಳುತ್ತೆ, ನೀವು ಕುಂಬಳಕಾಯಿ ತಿನ್ನಿ, ಬಿಡಿ. ಗಂಟಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ."

"ಹಾಳೆ ಬರೆದವಳು..." ಎಂದು ಶುರು ಮಾಡಿದಳು ನಿನ್ನ ಅಮ್ಮ.

"ಬರೆದವಳು ಡಾಕ್ಟರಾ?"

"ಅಲ್ಲ."

"ಮತ್ತೆ?"

ನಿನ್ನ ಅಮ್ಮ ಚೂರುಗಳನ್ನು ಒಂದೊಂದಾಗಿ ಆರಿಸಿ ಪೊಟ್ಟಣಕ್ಕೆ ಹಾಕಿಕೊಂಡಳು. ಮನೆಯ ಮೆಟ್ಟಿಲ ಹತ್ತಿರ ನಿಂತು, "ಅವಳಿಗೇನು ಗೊತ್ತು, ನನ್ನ ಮಗಳು ನಾಲ್ಕು ವರ್ಷ ಆಹಾರಶಾಸ್ತ್ರ ಓದಿದ್ದಾಳೆ" ಎಂದಳು. ಮೊದಲಿನ ಜೋರು ಇರಲಿಲ್ಲ ದನಿಯಲ್ಲಿ. ಆದರೂ ರಾತ್ರಿ ಅಡುಗೆಗೆ ಬೀಟ್‌ರೂಟನ್ನೇ ಹೆಚ್ಚಿದಳು. ಹೆಚ್ಚುವಾಗ ಬಲಗೈ ಮೇಲೆತ್ತಲು ಕಷ್ಟಪಟ್ಟಳು, ನಾನು ನೋಡಲಿಲ್ಲ ಎಂದುಕೊಂಡಳು, ನಾನೂ ನೋಡದವಳ ಹಾಗೆ ಮಾಡಿದೆ.

ಕಂಕುಳಲ್ಲಿ ಇನ್ನೊಂದು ಸಣ್ಣದು ಸಿಕ್ಕಿದೆ. ಹೇಳಬೇಡ ಎಂದಿದ್ದಾಳೆ. ನಿನಗೆ ಹೇಳಬೇಡ ಎಂದಲ್ಲ, ಯಾರಿಗೂ. ನೀನು ಯಾರಿಗೂ ಎನ್ನುವುದರಲ್ಲಿ ಬರುತ್ತೀಯೋ ಇಲ್ಲವೋ ನೀನೇ ಹೇಳು.

ಅಜ್ಜಿ

*

ನವೆಂಬರ್ ೮

ಅಜ್ಜಿ, ಇದರ ಜೊತೆ ಇರುವುದನ್ನು ಅಮ್ಮನಿಗೆ ಕೊಡು. ನೀನು ಓದಬೇಡ ಎಂದರೂ ಓದುತ್ತೀಯ, ಓದಿಯೇ ಕೊಡು.

ಅಮ್ಮ,

ಹೇಗೆ ಶುರು ಮಾಡಬೇಕೋ ತಿಳಿಯದೆ ತುಂಬ ಹಾಳೆ ಹರಿದೆ. ನೇರ ಹೇಳಿಬಿಡುತ್ತೇನೆ. ನೀನು ಆಪರೇಷನ್ ಮಾಡಿಸಿಕೋ. ನಾಳೆಯೇ ಹೋಗು. ಕ್ಷಾರಾಹಾರದಿಂದ ಗಂಟು ಕರಗುವುದಿಲ್ಲ. ಕಾಲೇಜಿನಲ್ಲಿ ಓದುವಾಗಲೇ ನನಗೆ ಇದು ಗೊತ್ತಿತ್ತು, ಬರೆಯುವಾಗಲೂ ಗೊತ್ತಿತ್ತು. ಗಂಟಿನ ಆ ಸಾಲು ಚಿಕ್ಕಮ್ಮ ಸೇರಿಸಿದ್ದು. ಅದನ್ನು ಅಚ್ಚಿಗೆ ಕಳಿಸಿದವಳು ನಾನು, ಕೆಳಗಿರುವುದು ನನ್ನ ಹೆಸರು.

ಇನ್ನೊಂದು ಹೇಳಬೇಕು. ಅಜ್ಜಿಯ ಪತ್ರ ಓದಿದ ಮೇಲೆ ಇದನ್ನು ಹೇಳದೆ ಇರಲಾರೆ. ಹಾಳೆಯಲ್ಲಿರುವ ಅಡುಗೆ ನಾನು ನಿನಗಾಗಿ ಬರೆದದ್ದಲ್ಲ. ತಿಂಗಳಿಗೆ ಹನ್ನೆರಡು ಬಗೆ ಕೊಡು ಎಂದರು. ಶರತ್ಕಾಲಕ್ಕೆ ಯಾವ ತರಕಾರಿ, ಯಾವ ಹಣ್ಣು ಎಂದು ಪುಸ್ತಕದಲ್ಲಿ ಸಿಗುತ್ತದೆ, ಆದರೆ ಬಾಯಿಗೆ ಹಿಡಿಸುವ ಹಾಗೆ ಮಾಡುವುದು ಹೇಗೆ ಎಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ನನಗೆ ಗೊತ್ತಿದ್ದದ್ದು ನಿನ್ನ ಅಡುಗೆ ಒಂದೇ. ನೀನು ಲಾಂಡ್ರಿಯಿಂದ ಸುಸ್ತಾಗಿ ಬಂದು, ಕಡಿಮೆಗೆ ಸಿಗುವುದನ್ನೆಲ್ಲ ತಂದು ಬೇಯಿಸುತ್ತಿದ್ದೆಯಲ್ಲ, ಸಿಪ್ಪೆ ಸಮೇತ ಕುಂಬಳಕಾಯಿ, ಸುಟ್ಟ ಗೆಣಸು, ಕೋಸಿನ ದಂಟಿನ ಸಾರು. ಅದನ್ನೇ ಬರೆದು ಕ್ಷಾರ ಎಂದು ಹೆಸರಿಟ್ಟೆ. ಮೊದಲ ತಿಂಗಳು ಏನೂ ತೋಚದೆ ಮಾಡಿದೆ. ಜನ ಮೆಚ್ಚಿದರು. ಮುಂದುವರಿಸಿದೆ.

ನೀನು ತಿನ್ನುತ್ತಿರುವುದು ಮದ್ದಲ್ಲ ಅಮ್ಮ. ನೀನು ಮಾಡುತ್ತಿದ್ದ ಅಡುಗೆ ಅಷ್ಟೇ.

ಮುಂದಿನ ಹಾಳೆಯಲ್ಲಿ, ಗಂಟಿದ್ದವರು ಆಹಾರ ನಂಬಿ ಕಾಯಬೇಡಿ ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದೆ. ಚಿಕ್ಕಮ್ಮ ಹೊಡೆದುಹಾಕಿದರು. ಜಗಳವಾಯಿತು. ಅಪ್ಪ ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಿದ್ದರು. ನಾನು ಇನ್ನು ಅಲ್ಲಿ ಬರೆಯುವುದಿಲ್ಲ. ಬೇರೆ ಕೆಲಸ ಹುಡುಕುತ್ತಿದ್ದೇನೆ, ಸಿಗುವವರೆಗೆ ಅಪ್ಪನ ಮನೆಯ ಹಿಂದಿನ ಕೋಣೆಯಲ್ಲಿರುತ್ತೇನೆ.

ನಾನು ಬರಲಾ?

ಮಗಳು

*

ನವೆಂಬರ್ ೧೭

ಮೆಣಸಿ,

ಓದಿದೆ. ಓದಿದ ಮೇಲೆ ಇದನ್ನು ಒಲೆಗೆ ಹಾಕಲೋ ಅವಳಿಗೆ ಕೊಡಲೋ ಎಂದು ಬಹಳ ಹೊತ್ತು ಕೂತೆ. ಒಂದು ಸಾಲು ಬರೆ ಎಂದಿದ್ದೆ ನಾನು. ನೀನು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿದ್ದೀಯ. ನಿನಗೆ ಹಗುರವಾಗಿರಬೇಕು.

ಅವಳು ಕೆಲಸದಿಂದ ಬಂದು ಕಾಲು ತೊಳೆದ ಮೇಲೆ ಕೊಟ್ಟೆ. ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಗೋಡೆಗೆ ಒರಗಿ ಕೂತಳು. ನಗುತ್ತಿದ್ದಳು ಕಣೇ. ಎರಡು ವರ್ಷದಲ್ಲಿ ಆ ನಗು ನಾನು ನೋಡಿರಲಿಲ್ಲ. "ನಾನು ಹೇಳಲಿಲ್ವಾ, ಬರೀತಾಳೆ ಅಂತ" ಎಂದಳು. ಆಮೇಲೆ ಓದಿದಳು. ನಗು ಎಲ್ಲಿ ನಿಂತಿತು ಎಂದು ನನಗೆ ಗೊತ್ತು. ಆಪರೇಷನ್ ಮಾಡಿಸಿಕೋ ಎಂಬಲ್ಲಿ ಅಲ್ಲ. ಗಂಟು ಕರಗುವುದಿಲ್ಲ ಎಂಬಲ್ಲೂ ಅಲ್ಲ. 'ನಿನಗಾಗಿ ಬರೆದದ್ದಲ್ಲ' ಎಂಬಲ್ಲಿ.

ಹಾಳೆ ಮಡಿಸಿದಳು.

"ನನ್ನ ಅಡುಗೆನೇ ನನಗೆ ಮಾರಿದ್ದಾಳೆ. ನಾನು ಚಂದಾ ಕಟ್ಟಿ ತಗೊಂಡಿದ್ದೀನಿ."

"ಹೋಗ್ಲಿ ಬಿಡೇ, ಈಗಲಾದ್ರೂ..." ಎಂದೆ.

"ಅದೂ ಯಾರಿಗೆ ಮಾರಿದ್ಲಮ್ಮ? ಅವಳ ಅಂಗಡಿಗೆ. ನನ್ನ ಗಂಡನ್ನ ಕೊಟ್ಟೆ, ಮಗಳನ್ನ ಕೊಟ್ಟೆ, ಸಾಲದು ಅಂತ ಕೋಸಿನ ದಂಟಿನ ಸಾರೂ ಹೋಯ್ತು."

ಅಳುತ್ತಾಳೆ ಎಂದು ಕಾದೆ. ಅಳಲಿಲ್ಲ. ಅತ್ತಿದ್ದರೆ ನನಗೆ ಅರ್ಥವಾಗುತ್ತಿತ್ತು. ಎದ್ದುಹೋಗಿ ಒಲೆಯ ಮೇಲಿದ್ದ ಕುಂಬಳಕಾಯಿಯನ್ನು ಪಾತ್ರೆ ಸಮೇತ ಎತ್ತಿ ಕಸದ ಡಬ್ಬಿಗೆ ಸುರಿದಳು. ಪಾತ್ರೆ ತೊಳೆದಿಟ್ಟಳು. ನನ್ನ ಮಂಚದ ಕೆಳಗೆ ಕೈಹಾಕಿ ಚಹಾದ ಡಬ್ಬಿ ತೆಗೆದಳು, ಅದು ಅಲ್ಲಿರುವುದು ಅವಳಿಗೆ ಮೊದಲಿನಿಂದ ಗೊತ್ತಿತ್ತಂತೆ. ಇಬ್ಬರಿಗೂ ಚಹಾ ಮಾಡಿದಳು. ಕುಡಿದು ಲೋಟ ಕೆಳಗಿಟ್ಟು, "ಡಾಕ್ಟರಮ್ಮನಿಗೆ ಫೋನ್ ಮಾಡು. ದಿನ ಕೊಡ್ಲಿ" ಎಂದಳು.

ಹೀಗೆ ನಿನ್ನ ಪತ್ರ ಕೆಲಸ ಮಾಡಿತು. ಡಾಕ್ಟರ ಕತ್ತರಿಗಿಂತ ಮೊದಲು ನಿನ್ನದು ಇಳಿಯಿತು, ಇರಲಿ, ಕೆಲಸವಂತೂ ಆಯಿತು. ನಾನು ಬೇಡಿದ್ದು ಅದನ್ನೇ. ಬೇಡಿದ್ದು ಸಿಕ್ಕ ಮೇಲೂ ಬಾಯಿ ಯಾಕೆ ಕಹಿ ಎಂದು ನಿನ್ನ ಶಾಸ್ತ್ರದಲ್ಲಿ ಇದ್ದರೆ ತಿಳಿಸು.

ಬರಲಾ ಎಂದು ಕೇಳಿದ್ದೀಯ. ಕೇಳಿದೆ ಅವಳನ್ನು. ತಲೆ ಎತ್ತದೆ, "ಬೇಡ" ಎಂದಳು. ನನ್ನನ್ನು ಕೇಳಿದ್ದರೆ, ಬರುವವರು ಬರಲಾ ಎಂದು ಕೇಳುವುದಿಲ್ಲ, ಬಾಗಿಲು ತಟ್ಟುತ್ತಾರೆ ಎಂದು ಹೇಳುತ್ತಿದ್ದೆ. ಆದರೆ ಕತ್ತರಿಯ ದಿನ ಬೇಡ. ಅವಳು ಗಟ್ಟಿ ಮನಸ್ಸು ಮಾಡಿ ಹೋಗುತ್ತಿದ್ದಾಳೆ, ನಿನ್ನ ಮುಖ ಕಂಡರೆ ಅದು ಎತ್ತ ಒಡೆಯುತ್ತದೋ ನನಗೆ ಗೊತ್ತಿಲ್ಲ.

ಅಜ್ಜಿ

*

ಡಿಸೆಂಬರ್ ೧೪

ಮೆಣಸಿ,

ಇದನ್ನು ನಿನ್ನಪ್ಪನ ಮನೆಯ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಆ ಮನೆಯ ವಿಳಾಸ ನನ್ನ ಕೈಯಲ್ಲಿ ಬರೆಯಬೇಕಾಗಿ ಬಂತಲ್ಲ, ಅದಕ್ಕೂ ನೀನೇ ಕಾರಣ.

ಆಪರೇಷನ್ ಆಯಿತು. ನಾಲ್ಕು ಮಂಚದ ಕೋಣೆ. ಕಿಟಕಿಯಿಂದ ಆಸ್ಪತ್ರೆಯ ಬಟ್ಟೆ ಒಗೆಯುವ ಕಟ್ಟಡದ ಹೊಗೆಗೊಳವೆ ಕಾಣುತ್ತಿತ್ತು. ಎಚ್ಚರವಾದ ತಕ್ಷಣ ಅವಳು ಮಾಡಿದ ಮೊದಲ ಕೆಲಸ ಏನು ಗೊತ್ತೇ? ಹೊದಿಸಿದ್ದ ಚಾದರದ ಅಂಚು ಎಡಗೈಯಿಂದ ಹಿಡಿದು ನೋಡಿ, "ಇಸ್ತ್ರಿ ಸರಿಯಾಗಿಲ್ಲ" ಎಂದಳು. ನರ್ಸು ನಕ್ಕಳು. ನಾನು ಹೊರಗೆ ಹೋಗಿ ಕೈತೊಳೆಯುವ ಬೇಸಿನ್ ಹತ್ತಿರ ನಿಂತು ಅತ್ತೆ, ಯಾರೂ ನೋಡಲಿಲ್ಲ.

ಡಾಕ್ಟರಮ್ಮ ಎದುರಿಗೆ ಕೂತು ಹೇಳಿದಳು. ಎದೆ ಪೂರ್ತಿ ತೆಗೆದಿದ್ದಾರೆ. ಕಂಕುಳಿಗೆ ಇಳಿದಿತ್ತು, ಅಲ್ಲಿಯೂ ಕೆರೆದು ತೆಗೆದಿದ್ದಾರೆ. "ಆವತ್ತೇ ಬಂದಿದ್ರೆ ಇಷ್ಟು ಬೇಕಾಗ್ತಿರಲಿಲ್ಲ" ಎಂದಳು. ಬಯ್ಯಲು ಹೇಳಿದ್ದಲ್ಲ, ಕೇಳಿದ್ದಕ್ಕೆ ಹೇಳಿದ್ದು. ಕೇಳಿದ್ದು ನಾನು. ಇನ್ನು ಕೀಮೋ ಕೊಡುತ್ತಾರೆ, ಕೂದಲು ಹೋಗುತ್ತದೆ. ಉಳಿಯುತ್ತಾಳೋ ಎಂದರೆ, "ಉಳಿಸೋಕೇ ಕೊಡ್ತಿರೋದು" ಎಂದಳು.

ಬಲಗೈ ಊದಿದೆ. ಯಂತ್ರದ ಹಿಡಿಕೆ ಇನ್ನು ಮುಟ್ಟುವ ಹಾಗಿಲ್ಲ. ಲಾಂಡ್ರಿಯ ಮೇಸ್ತ್ರಿ ಬಂದಿದ್ದ, ಮಡಿಸುವ ಮೇಜಿಗೆ ಹಾಕುತ್ತೇನೆ, ಸಂಬಳ ಸ್ವಲ್ಪ ಕಡಿಮೆ ಎಂದ. ಇಪ್ಪತ್ತು ವರ್ಷ ಆ ಹಬೆಯ ಮುಂದೆ ನಿಂತವಳು, ಮೊದಲ ದಿನ ಬಂದ ಹುಡುಗಿಯರ ಜೊತೆ ಕೂತು ತಲೆದಿಂಬಿನ ಚೀಲ ಮಡಿಸಬೇಕು. "ಆಗಲಿ" ಎಂದಳು. ಅವನು ಹೋದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು, ಊಟಕ್ಕೂ ಏಳಲಿಲ್ಲ.

ನಿನ್ನ ಸುದ್ದಿ ಎತ್ತುವುದಿಲ್ಲ. ನಾನು ಎತ್ತಿದರೆ ಔಷಧದ ಬಾಟಲಿ ಓದುತ್ತಾಳೆ. ನಿಮ್ಮ ಅಂಗಡಿಯಿಂದ ಚಳಿಗಾಲದ ಹಾಳೆ ಬಂದಿತ್ತು, ಯಾರೋ ಬೇರೆಯವರು ಬರೆದದ್ದು. ಅದರ ಮೇಲೆ ಬಿಸಿ ಪಾತ್ರೆ ಇಟ್ಟಳು. ನಿನ್ನ ಪತ್ರ ಏನು ಮಾಡಿದಳೋ ನನಗೆ ತಿಳಿಯದು. ಹರಿದದ್ದು ನಾನು ಕಂಡಿಲ್ಲ. ಇಟ್ಟುಕೊಂಡದ್ದೂ ಕಂಡಿಲ್ಲ.

ಈಗ ಈ ಪತ್ರ ಯಾಕೆ ಬರೆಯುತ್ತಿದ್ದೇನೆ ಎಂದು ಕೇಳು.

ನಿನ್ನೆ ಹೊಲಿಗೆ ಬಿಚ್ಚಿಸಲು ಹೋಗಿದ್ದೆವು. ಡಾಕ್ಟರಮ್ಮ ಬಿಚ್ಚುತ್ತಾ ಬಿಚ್ಚುತ್ತಾ ಕೇಳಿದಳು, "ನಿಮ್ಮ ಮನೇಲಿ ಮುಂಚೆ ಯಾರಿಗಾದ್ರೂ ಇತ್ತಾ ಇದು?"

"ನನ್ನ ತಂಗಿಗಿತ್ತು, ಅದರಲ್ಲೇ ಹೋದಳು" ಎಂದೆ ನಾನು.

ಅವಳು ಕೈ ನಿಲ್ಲಿಸಿದಳು. "ಇದನ್ನ ಮೊದಲೇ ಹೇಳ್ಬಾರದಾ?" ಎಂದು ನನಗೆ ಗದರಿ, ನಿನ್ನ ಅಮ್ಮನ ಕಡೆ ತಿರುಗಿದಳು. "ನಿಮಗೆ ಹೆಣ್ಣುಮಕ್ಕಳಿದ್ದಾರಾ?"

ಲಾಂಡ್ರಿಯಲ್ಲಿ, ಅಂಗಡಿಯಲ್ಲಿ, ಬಾಡಿಗೆ ಮನೆಯವನ ಹತ್ತಿರ, ಎಲ್ಲಿ ಯಾರು ಕೇಳಿದರೂ ಈ ಎರಡು ವರ್ಷ ಅವಳು ಕೊಟ್ಟ ಉತ್ತರ ಒಂದೇ, "ಇಲ್ಲ". ಈ ಸಲ ಹೊಲಿಗೆಯ ಕಡೆ ನೋಡಿದಳು.

"ಇದ್ದಾಳೆ. ಒಬ್ಬಳು" ಎಂದಳು.

"ಎಷ್ಟು ವಯಸ್ಸು?"

ತಿಂಗಳ ಸಮೇತ ಹೇಳಿದಳು.

"ನಿಮಗೆ ಚಿಕ್ಕ ವಯಸ್ಸಿಗೇ ಬಂದಿದೆ. ಅವರೂ ಒಮ್ಮೆ ಬಂದು ತೋರಿಸ್ಕೊಳ್ಳಲಿ. ಏನೂ ಇರಲಿಕ್ಕಿಲ್ಲ. ಆದ್ರೂ ಬಿಡಬಾರದು."

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಮ್ಮ ನಿಲ್ದಾಣ ಬಂದರೂ ಏಳಲಿಲ್ಲ, ಮುಂದಿನದರಲ್ಲಿ ಇಳಿದು ವಾಪಸು ನಡೆದೆವು. ಊದಿದ ಕೈಯನ್ನು ಇನ್ನೊಂದು ಕೈಯಲ್ಲಿ ಮಗುವಿನ ಹಾಗೆ ಎತ್ತಿಕೊಂಡು ನಡೆಯುತ್ತಿದ್ದವಳು, ಮನೆ ಇನ್ನೂ ದೂರವಿರುವಾಗಲೇ ನಿಂತಳು.

"ಅವಳಿಗೆ ಬರಿ."

"ಏನಂತ ಬರೀಲಿ?"

"ಡಾಕ್ಟರು ಹೇಳಿದ್ದು ಬರಿ. ತೋರಿಸ್ಕೊಳ್ಳಲಿ. ಅವಳ ಊರಲ್ಲೇ ತೋರಿಸ್ಕೊಳ್ಳಲಿ, ಇಲ್ಲಿಗೇ ಬರಬೇಕು ಅಂತೇನಿಲ್ಲ."

"ಬಾ ಅಂತ ಬರೆಯಲಾ?"

ನಾಲ್ಕು ಹೆಜ್ಜೆ ಹಾಕಿ ಮತ್ತೆ ನಿಂತು, ಸಿಟ್ಟಿನಿಂದ, ಅಷ್ಟು ಸಿಟ್ಟು ನಾನು ಅವಳಲ್ಲಿ ಎಂದೂ ಕಂಡಿರಲಿಲ್ಲ, ಹೇಳಿದಳು: "ಏನಾದ್ರೂ ಕೈಗೆ ಸಿಕ್ಕಿದ್ರೆ ಎಲೆಕೋಸು ತಿಂದ್ಕೊಂಡು ಕೂತಿರಬೇಡ ಅಂತ ಬರಿ. ಹಾಗೇ ಬರಿ. ನಾನು ಹೇಳಿದೆ ಅಂತ ಬರಿ."

ಬರೆದಿದ್ದೇನೆ. ನಾನು ಒಂದು ಮಾತೂ ಸೇರಿಸಿಲ್ಲ, ತೆಗೆದಿಲ್ಲ. ಅವಳು ನಿನ್ನನ್ನು ಕ್ಷಮಿಸಿದ್ದಾಳೆ ಎಂದು ಇದರಿಂದ ತಿಳಿಯಬೇಡ. ಕ್ಷಮಿಸಿಲ್ಲ. ನಾನೂ ಕ್ಷಮಿಸಿಲ್ಲ, ನನ್ನದು ಬೇರೆಯೇ ಖಾತೆ. ಆದರೆ ಹೋಗಿ ತೋರಿಸಿಕೋ. ನಾಚಿಕೆ ಗೀಚಿಕೆ ಎಂದು ಮುಂದೂಡಬೇಡ, ಹೆಣ್ಣು ಡಾಕ್ಟರನ್ನೇ ಹುಡುಕಿಕೋ. ಅಂಗಿ ಬಿಚ್ಚಿ ನಿಲ್ಲುವಾಗ ಎದೆ ಡವಡವ ಎನ್ನುತ್ತದೆ, ಎನ್ನಲಿ. ನಿನ್ನ ಅಮ್ಮನಿಗೂ ಎಂದಿತ್ತು.

ಕೀಮೋ ಹೊಸ ತಿಂಗಳಿನಿಂದ ಶುರು. ಅವಳು ಆ ಔಷಧ ಏರಿಸುವ ಕುರ್ಚಿಯಲ್ಲಿ ಹೋಗಿ ಕೂರುವ ಮೊದಲು ನಿನ್ನ ಡಾಕ್ಟರು ಏನೆಂದರು ಎಂಬುದು ಅವಳ ಕೈಗೆ ಬಂದಿರಬೇಕು. ನನಗೆ ಬರೆಯಬೇಡ, ಲಕೋಟೆಯ ಮೇಲೆ ಅವಳ ಹೆಸರೇ ಹಾಕು. ಈ ತಿಂಗಳು ಮುಗಿಯುವುದರೊಳಗೆ ಉತ್ತರ ಬರೆ.

ಅಜ್ಜಿ